ವಿಮಾನ ಈಗ ಬೇಡ, ಆಮೇಲೆ ಬರಲಿ

ಹೊಸ ವಿಮಾನಗಳಿಗೆ ಆರ್ಡರ್ ಕೊಟ್ಟ ಸುದ್ದಿ ಮುಖಪುಟದಲ್ಲಿ ಬರುತ್ತದೆ. ಕಂಪನಿಯ ಯಜಮಾನರು ಪುಟ್ಟ ಮಾದರಿ ವಿಮಾನವೊಂದನ್ನು ಕೈಯಲ್ಲಿ ಹಿಡಿದು ನಗುತ್ತಿರುವ ಫೋಟೊ ಜೊತೆಗಿರುತ್ತದೆ. ಕೆಲವು ವರ್ಷಗಳ ಮೇಲೆ ಅದೇ ಕಂಪನಿ, ಆ ವಿಮಾನಗಳು ಸದ್ಯಕ್ಕೆ ಬೇಡ, ಮುಂದಕ್ಕೆ ಹಾಕಿ ಎಂದು ತಯಾರಕರನ್ನು ಕೇಳಿಕೊಂಡರೆ ಆ ಸುದ್ದಿ ವಾಣಿಜ್ಯ ಪುಟದ ಮೂಲೆಯಲ್ಲಿ ನಾಲ್ಕು ಸಾಲಿಗೆ ಮುಗಿಯುತ್ತದೆ. ಮೊದಲನೆಯದು ಶುಭವಾರ್ತೆ, ಎರಡನೆಯದು ಅಪಶಕುನ ಎಂದು ಓದಿಕೊಳ್ಳುವುದು ನಮ್ಮ ವಾಡಿಕೆ. ನನ್ನ ಲೆಕ್ಕ ಹೆಚ್ಚುಕಡಿಮೆ ಇದರ ತಿರುಗುಮುರುಗು. ಕಷ್ಟಕಾಲದಲ್ಲಿ ವಿಮಾನ ಮುಂದೂಡುವುದು ಬಹುಮಟ್ಟಿಗೆ ವಿವೇಕದ ಕೆಲಸವೇ. ಕಂಪನಿ ಉಳಿಯುತ್ತದೋ ಮುಳುಗುತ್ತದೋ ಎಂಬುದು ನಿಶ್ಚಯವಾಗುವುದು ಅಂದಲ್ಲ, ಅದಕ್ಕೂ ಎಷ್ಟೋ ಮೊದಲು, ಆರ್ಡರಿಗೆ ಸಹಿ ಬಿದ್ದ ದಿನ. ಮುಂಬಯಿಯಲ್ಲಿ ನೆಲೆನಿಂತ, ಬೆಂಗಳೂರಿನಲ್ಲಿ ಹುಟ್ಟಿದ ಕಂಪನಿಗಳ ಕಳೆದ ಇಪ್ಪತ್ತು ವರ್ಷಗಳ ಕಥೆಯಲ್ಲಿ ಇದಕ್ಕೆ ಬೇಕಾದಷ್ಟು ಸಾಕ್ಷ್ಯವಿದೆ. ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಕನ್ನಡಿಗರಿಗೆ ಇದು ದೂರದ ವಿಷಯವೂ ಅಲ್ಲ. ಊರಿಗೆ ಹೋಗುವ ಟಿಕೆಟ್ ದರದಿಂದ ಹಿಡಿದು ಪನ್ವೇಲ್ ಪಕ್ಕದ ಹೊಸ ವಿಮಾನ ನಿಲ್ದಾಣದಲ್ಲಿ ತೆರುವ ಶುಲ್ಕದವರೆಗೆ ಇದರ ಎಳೆ ಹಬ್ಬಿದೆ.

ಮೊದಲು ವ್ಯವಹಾರ ಹೇಗೆ ನಡೆಯುತ್ತದೆ ನೋಡೋಣ. ಕಲ್ಯಾಣ–ಶೀಳ್ ರಸ್ತೆಯಲ್ಲಿ ಏಳುತ್ತಿರುವ ಕಟ್ಟಡದಲ್ಲಿ ಫ್ಲ್ಯಾಟ್ ಬುಕ್ ಮಾಡಿದವರಿಗೆ ಇದು ಬೇಗ ತಲೆಗೆ ಹೋಗುತ್ತದೆ: ಮೊದಲು ಟೋಕನ್, ಆಮೇಲೆ ಒಂದೊಂದು ಸ್ಲ್ಯಾಬ್ ಬಿದ್ದಂತೆ ಒಂದೊಂದು ಕಂತು, ಕೀಲಿಕೈ ಸಿಗುವಾಗ ಉಳಿದ ದೊಡ್ಡ ಮೊತ್ತ. ವಿಮಾನ ಖರೀದಿಯೂ ಹಾಗೆಯೇ. ಸಹಿ ಹಾಕುವಾಗ ಅಲ್ಪ ಮುಂಗಡ, ಡೆಲಿವರಿಗೆ ಸುಮಾರು ಎರಡು ವರ್ಷ ಇರುವಾಗಿನಿಂದ ಕಂತುಗಳು, ವಿಮಾನ ಕೈಸೇರುವ ದಿನ ಬಹುಪಾಲು ಹಣ. ಪತ್ರಿಕೆಗಳಲ್ಲಿ ಅಚ್ಚಾಗುವ ಪಟ್ಟಿಬೆಲೆಯನ್ನು ಯಾರೂ ಕೊಡುವುದಿಲ್ಲ. ಆರ್ಡರ್ ದೊಡ್ಡದಾದಷ್ಟೂ ರಿಯಾಯಿತಿ ದೊಡ್ಡದು. ಆದರೆ ಒಪ್ಪಿದ ಬೆಲೆಯೂ ನಿಂತ ನೀರಲ್ಲ. ಕೂಲಿ ಮತ್ತು ಲೋಹದ ದರ ಏರಿದಂತೆ ಅದು ವರ್ಷವರ್ಷ ಏರಬೇಕೆಂಬ ಸೂತ್ರ ಕರಾರಿನಲ್ಲೇ ಇರುತ್ತದೆ. ಹೀಗಾಗಿ ಮುಂದೂಡಿದಾಗ ಏನೇನು ನಡೆಯುತ್ತದೆ? ಕೊಟ್ಟ ಮುಂಗಡ ತಯಾರಕರ ಬಳಿಯೇ ಸಿಕ್ಕಿಬೀಳುತ್ತದೆ, ಬೆಲೆ ಸೂತ್ರದಂತೆ ಏರುತ್ತಲೇ ಹೋಗುತ್ತದೆ, ಸರದಿಯಲ್ಲಿದ್ದ ಜಾಗ ಇನ್ನೊಬ್ಬರ ಪಾಲಾಗುತ್ತದೆ. ಆ ವಿಮಾನಕ್ಕೆಂದೇ ತರಬೇತಿ ಕೊಟ್ಟ ಪೈಲಟ್‌ಗಳಿಗೆ ಹಾರಿಸಲು ವಿಮಾನವಿರುವುದಿಲ್ಲ. ಮುಂದೂಡಿದರೆ ಹಣ ಉಳಿಯಿತು ಎನ್ನುವುದು ಅರ್ಧ ಸತ್ಯ ಮಾತ್ರ. ಇವತ್ತಿನ ಬಿಲ್ಲನ್ನು ನಾಳೆಯ ಖಾತೆಗೆ, ಕೆಲವೊಮ್ಮೆ ಬೇರೆಯವರ ಖಾತೆಗೆ, ಬರೆಯುವುದು ಅದು. ಅಷ್ಟಾದರೂ ನಾಳೆಯವರೆಗೆ ಜೀವ ಉಳಿಯಬೇಕಲ್ಲ!

2008ರಲ್ಲಿ ಪ್ರಶ್ನೆಯಾಗಿದ್ದುದು ಈ ಜೀವ ಉಳಿಯುವ ಮಾತೇ. ಆ ವರ್ಷದ ಜುಲೈಯಲ್ಲಿ ಕಚ್ಚಾತೈಲ ಬ್ಯಾರಲಿಗೆ 147 ಡಾಲರ್ ಮುಟ್ಟಿತು. ನಮ್ಮಲ್ಲಿ ವಿಮಾನ ಇಂಧನ ಕಿಲೋಲೀಟರಿಗೆ 70 ಸಾವಿರ ರೂಪಾಯಿ ದಾಟಿತು. ಸೆಪ್ಟೆಂಬರ್‌ನಲ್ಲಿ ಅಮೆರಿಕದ ಲೇಮನ್ ಬ್ರದರ್ಸ್ ಬ್ಯಾಂಕ್ ಬಿತ್ತು, ನವೆಂಬರ್‌ನಲ್ಲಿ ಮುಂಬಯಿಯ ಮೇಲೆ ಉಗ್ರರ ದಾಳಿಯಾಯಿತು. ವರ್ಷಗಳಿಂದ ಎರಡಂಕಿಯಲ್ಲಿ ಬೆಳೆಯುತ್ತಿದ್ದ ದೇಶೀಯ ಪ್ರಯಾಣಿಕರ ಸಂಖ್ಯೆ ಆ ವರ್ಷ ಸುಮಾರು ಶೇಕಡ 5ರಷ್ಟು ಕುಸಿಯಿತು. ಇವೆಲ್ಲ ಕಣ್ಣಿಗೆ ಕಾಣುವ ಹೊಡೆತಗಳು. ಕಾಣದ ಹೊಡೆತ ಕೊಟ್ಟದ್ದು ರೂಪಾಯಿ. ವರ್ಷದ ಆರಂಭದಲ್ಲಿ ಡಾಲರಿಗೆ 40 ರೂಪಾಯಿಯ ಆಸುಪಾಸಿನಲ್ಲಿದ್ದದ್ದು ವರ್ಷದ ಕೊನೆಗೆ 50ರ ಹತ್ತಿರ ಬಂತು. ವಿಮಾನದ ಬಾಡಿಗೆ, ಸಾಲದ ಕಂತು, ಬಿಡಿಭಾಗ ಎಲ್ಲವೂ ಡಾಲರಿನಲ್ಲಿ. ಟಿಕೆಟ್ ಮಾರಾಟ ರೂಪಾಯಿಯಲ್ಲಿ. ತಿಂಗಳಿಗೆ ಮೂರು ಲಕ್ಷ ಡಾಲರ್ ಬಾಡಿಗೆಯ ಒಂದು ವಿಮಾನ ಎಂದಿಟ್ಟುಕೊಳ್ಳಿ. ಜನವರಿಯಲ್ಲಿ 1.2 ಕೋಟಿ ರೂಪಾಯಿಯಾಗಿದ್ದ ಬಾಡಿಗೆ ಡಿಸೆಂಬರಿಗೆ 1.5 ಕೋಟಿ. ವಿಮಾನ ಅದೇ, ಸೀಟುಗಳು ಅಷ್ಟೇ, ಕೂರುವವರು ಮಾತ್ರ ಕಡಿಮೆ. ಹೀಗಿರುವಾಗ ಪ್ರತಿ ತಿಂಗಳೂ ಹೊಸ ವಿಮಾನ ಬಂದು ಬಾಗಿಲಲ್ಲಿ ನಿಂತರೆ ಅದು ಆಸ್ತಿ ಅನ್ನಿಸುವುದಿಲ್ಲ.

ಆ ಹೊತ್ತಿಗೆ ಬಾಗಿಲಲ್ಲಿ ನಿಲ್ಲಬೇಕಿದ್ದ ವಿಮಾನಗಳ ಉದ್ದ ಪಟ್ಟಿಯೊಂದು ಕಿಂಗ್‌ಫಿಶರ್‌ನದು. 2005ರ ಮೇ ತಿಂಗಳಲ್ಲಿ ಹಾರಾಟ ಶುರುಮಾಡಿದ ಈ ಕಂಪನಿ ಮರುತಿಂಗಳೇ ಪ್ಯಾರಿಸ್ ವೈಮಾನಿಕ ಪ್ರದರ್ಶನದಲ್ಲಿ ಐದು ಎ380, ಐದು ಎ350, ಐದು ಎ330 ವಿಮಾನಗಳಿಗೆ ಮಾತುಕೊಟ್ಟಿತು. ಎ380 ಎಂದರೆ ಎರಡು ಅಂತಸ್ತಿನ, 500 ಜನರನ್ನು ಹೊರಬಲ್ಲ, ಪಟ್ಟಿಬೆಲೆ 30 ಕೋಟಿ ಡಾಲರನ್ನೂ ಮೀರಿದ ವಿಮಾನ. ವಿದೇಶಕ್ಕೆ ಹಾರುವ ಅನುಮತಿಯೇ ಇಲ್ಲದ, ಒಂದು ತಿಂಗಳ ಪ್ರಾಯದ ಕಂಪನಿಗೆ ಅದು! ಎರಡು ವರ್ಷದ ಬಳಿಕ ಅದೇ ಪ್ರದರ್ಶನದಲ್ಲಿ ಇನ್ನೂ 50 ವಿಮಾನಗಳಿಗೆ ಒಪ್ಪಂದವಾಯಿತು. ಐದು ವರ್ಷ ದೇಶದೊಳಗೆ ಹಾರಿದ ಬಳಿಕವೇ ಪರದೇಶ ಎಂಬ ಸರ್ಕಾರಿ ನಿಯಮವಿತ್ತು. ಅದನ್ನು ದಾಟಲು ಕಿಂಗ್‌ಫಿಶರ್ ಹಿಡಿದ ಒಳದಾರಿ ಏರ್ ಡೆಕ್ಕನ್. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಕಟ್ಟಿದ, ಅಗ್ಗದ ಟಿಕೆಟ್ಟಿಗೆ ಹೆಸರಾದ ಆ ಕಂಪನಿಯನ್ನು 2007–08ರಲ್ಲಿ ಒಳಗೆ ಹಾಕಿಕೊಂಡದ್ದೇ ಅದರ ನಷ್ಟ, ಅದರ ವಿಮಾನ ಆರ್ಡರುಗಳೂ ಜೊತೆಗೆ ಬಂದವು. 2008ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು–ಲಂಡನ್ ಹಾರಾಟ ಆರಂಭವಾಯಿತು. ಲೇಮನ್ ಬೀಳಲು ಎರಡು ವಾರವೂ ಇರಲಿಲ್ಲ. ಅಮೆರಿಕದ ಪಶ್ಚಿಮ ಕರಾವಳಿಗೆ ನಿಲ್ಲದೆ ಹಾರಲೆಂದು ತರಿಸುತ್ತಿದ್ದ ಎ340-500 ವಿಮಾನಗಳನ್ನು ಕಂಪನಿ ಕೊನೆಗೆ ತೆಗೆದುಕೊಳ್ಳಲೇ ಇಲ್ಲ. ಕಿಂಗ್‌ಫಿಶರ್‌ಗೆಂದು ತಯಾರಾದ ಅಂಥ ಎರಡು ವಿಮಾನಗಳು ನೈಜೀರಿಯಾದ ಆರಿಕ್ ಏರ್‌ಗೆ ಹೋದವು. ಎ380 ಮುಂದೆ ಮುಂದೆ ಹೋಗುತ್ತ ಕಾಗದದಲ್ಲೇ ಉಳಿಯಿತು. 2008–09ರ ಒಂದೇ ವರ್ಷದ ನಷ್ಟ 1,600 ಕೋಟಿ ರೂಪಾಯಿ. 2012ರ ಅಕ್ಟೋಬರ್‌ನಲ್ಲಿ ಹಾರಾಟವೇ ನಿಂತಿತು.

ಮುಂದೂಡಿದ್ದರಿಂದ ಕಿಂಗ್‌ಫಿಶರ್ ಸತ್ತಿತು ಎಂದು ಇದನ್ನು ಓದುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಮುಂದೂಡದೆ ಇದ್ದಿದ್ದರೆ 2009ರಲ್ಲೇ ಮುಗಿಯುತ್ತಿತ್ತು. ಎಟಿಆರ್, ಎ320, ಎ330, ಅದರ ಮೇಲೆ ಬರಲಿದ್ದ ಎ340, ಎ350, ಎ380 ಎಂದು ಒಂದೊಂದು ಬಗೆಗೂ ಬೇರೆ ಪೈಲಟ್, ಬೇರೆ ಎಂಜಿನಿಯರ್, ಬೇರೆ ಬಿಡಿಭಾಗದ ದಾಸ್ತಾನು ಬೇಕಾಗುವ ಹಾಗೆ ಆರ್ಡರ್ ಹೆಣೆದದ್ದೇ ರೋಗ. ಮುಂದೂಡಿಕೆ ಆ ರೋಗಕ್ಕೆ ತಡವಾಗಿ ಕೊಟ್ಟ ಔಷಧ.

ಜೆಟ್ ಏರ್‌ವೇಸ್‌ನ ಕಥೆ ಸ್ವಲ್ಪ ಬೇರೆ. ಅದು ಅನುಭವವಿದ್ದ, ಮುಂಬಯಿಯ ಮನೆಮನೆಗೂ ಗೊತ್ತಿದ್ದ ಕಂಪನಿ. ಹತ್ತು ಬೋಯಿಂಗ್ 777 ತರಿಸಿ, ಬ್ರಸೆಲ್ಸ್‌ನಲ್ಲಿ ನೆಲೆ ಮಾಡಿ, 2008ರ ಜೂನ್‌ನಲ್ಲಿ ಮುಂಬಯಿಯಿಂದ ಶಾಂಘೈ ಮೂಲಕ ಸ್ಯಾನ್ ಫ್ರಾನ್ಸಿಸ್ಕೊ ಹಾರಾಟವನ್ನೂ ಶುರುಮಾಡಿತು. ಏಳೇ ತಿಂಗಳಲ್ಲಿ ಅದನ್ನು ಕೈಬಿಡಬೇಕಾಯಿತು. ಬಂದಿಳಿದ ವಿಮಾನವನ್ನು ಮುಂದೂಡಲಾಗದು. ಆದ್ದರಿಂದ 777ಗಳನ್ನು ಟರ್ಕಿಶ್, ಗಲ್ಫ್ ಏರ್, ಥಾಯ್ ಕಂಪನಿಗಳಿಗೆ ಬಾಡಿಗೆಗೆ ಕೊಟ್ಟು ಉಸಿರಾಡಿತು. ಬರಬೇಕಿದ್ದ ಹತ್ತು 787ಗಳನ್ನು ಮಾತ್ರ ಮುಂದೂಡುತ್ತಲೇ ಹೋಯಿತು. 2019ರ ಏಪ್ರಿಲ್ 17ರಂದು ಜೆಟ್‌ನ ಕೊನೆಯ ವಿಮಾನ ಹೊರಡುವವರೆಗೂ ಒಂದೇ ಒಂದು 787 ಅದರ ಬಣ್ಣ ಹೊತ್ತು ಹಾರಲಿಲ್ಲ. ಒಮ್ಮೆ ಮುಂದೂಡಿದರೆ ವಿವೇಕ. ಹತ್ತು ವರ್ಷ ಮುಂದೂಡುತ್ತಲೇ ಇದ್ದರೆ, ಆರ್ಡರ್ ಕೊಟ್ಟ ದಿನದ ಲೆಕ್ಕವೇ ಸುಳ್ಳಾಗಿತ್ತು ಎಂದು ಒಪ್ಪಿಕೊಳ್ಳಲಾಗದ ಹಟ.

ಮುಂದೂಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಏರ್ ಇಂಡಿಯಾ ಇದೆ. ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಸೇರಿ 2005–06ರಲ್ಲಿ 111 ವಿಮಾನಗಳಿಗೆ ಆರ್ಡರ್ ಕೊಟ್ಟವು: 68 ಬೋಯಿಂಗ್, 43 ಏರ್‌ಬಸ್. ಹಣ ಹೆಚ್ಚುಕಡಿಮೆ ಎಲ್ಲವೂ ಸಾಲದ್ದು. ಹಿಂಜರಿತ ಬಂದರೂ ಆ ಆರ್ಡರಿನ ಬೋಯಿಂಗ್ 777ಗಳು ಒಂದರ ಹಿಂದೆ ಒಂದು ಬರುತ್ತಲೇ ಇದ್ದವು. 2008–09ರಲ್ಲಿ ನಷ್ಟ ಐದೂವರೆ ಸಾವಿರ ಕೋಟಿ ದಾಟಿತು. 2011ರಲ್ಲಿ ಮಹಾಲೇಖಪಾಲರ ವರದಿ ಈ ಖರೀದಿಯನ್ನು ಕಟುವಾಗಿ ಟೀಕಿಸಿತು. ದೂರದ ಹಾರಾಟಕ್ಕೆಂದು ತರಿಸಿದ ಎಂಟು 777-200 ಎಲ್‌ಆರ್ ವಿಮಾನಗಳಲ್ಲಿ ಐದನ್ನು ಕೆಲವೇ ವರ್ಷಗಳಲ್ಲಿ ಎತಿಹಾದ್‌ಗೆ ಮಾರಬೇಕಾಯಿತು. ಒಂದು ವಿಚಿತ್ರ ನೋಡಿ: 27 ಡ್ರೀಮ್‌ಲೈನರ್‌ಗಳು, ಅಂದರೆ ಬೋಯಿಂಗ್ 787ಗಳು, ಮಾತ್ರ 2008ರ ಬದಲು 2012ರ ಸೆಪ್ಟೆಂಬರ್‌ನಿಂದ ಬರತೊಡಗಿದವು. ತಡ ಮಾಡಿದ್ದು ಬೋಯಿಂಗ್. ಅಂದಿನ ಏರ್ ಇಂಡಿಯಾಗೆ ದಕ್ಕಿದ ದೊಡ್ಡ ಉಪಕಾರವೆಂದರೆ ತಯಾರಕರ ಈ ಅಸಾಮರ್ಥ್ಯವೇ ಇರಬಹುದು.

ಇಲ್ಲಿ ಓದುಗರು ಇಂಡಿಗೋ ಹೆಸರು ತೆಗೆಯುವುದು ಖಂಡಿತ. 2005ರ ಅದೇ ಪ್ಯಾರಿಸ್ ಪ್ರದರ್ಶನದಲ್ಲಿ, ಇನ್ನೂ ಒಂದು ವಿಮಾನವನ್ನೂ ಹಾರಿಸದ ಇಂಡಿಗೋ 100 ಎ320 ವಿಮಾನಗಳಿಗೆ ಆರ್ಡರ್ ಕೊಟ್ಟಿತ್ತು. ಹಿಂಜರಿತದ ನಡುವೆಯೂ ಅದರ ವಿಮಾನಗಳ ಸಂಖ್ಯೆ ಬೆಳೆಯಿತು. ಉಳಿದವರು ಸಾವಿರಾರು ಕೋಟಿ ಕಳೆದುಕೊಂಡ 2008–09ರಲ್ಲೇ ಅದು ಲಾಭ ತೋರಿಸಿತು, 2012ಕ್ಕೆ ದೇಶದ ಅತಿ ದೊಡ್ಡ ಕಂಪನಿಯಾಯಿತು. ಹಾಗಿದ್ದರೆ ಮುಂದೂಡುವುದು ಹೇಡಿತನವಲ್ಲವೇ, ಬಿದ್ದ ಪೇಟೆಯಲ್ಲಿ ಧೈರ್ಯವಾಗಿ ಕೊಂಡವನೇ ಗೆದ್ದನಲ್ಲವೇ? ಆಕ್ಷೇಪ ಗಟ್ಟಿಯಾದದ್ದು. ಆದರೆ ಇಂಡಿಗೋದ ಧೈರ್ಯ ಎಲ್ಲಿತ್ತು ಎಂದು ಹುಡುಕಿದರೆ ಅದು ಮತ್ತೆ ಆರ್ಡರ್ ಕಾಗದದಲ್ಲೇ ಸಿಗುತ್ತದೆ. ನೂರಕ್ಕೆ ನೂರೂ ಒಂದೇ ಬಗೆಯ ವಿಮಾನ. ಒಮ್ಮೆಗೇ ನೂರು ಎಂದದ್ದರಿಂದ ಭಾರಿ ರಿಯಾಯಿತಿ. ವಿಮಾನ ಕೈಗೆ ಬಂದ ಕೂಡಲೇ ಅದನ್ನು ಲೀಸಿಂಗ್ ಕಂಪನಿಗೆ ಮಾರುವುದು, ಅದರಿಂದಲೇ ಸುಮಾರು ಆರು ವರ್ಷಕ್ಕೆ ಬಾಡಿಗೆಗೆ ಪಡೆಯುವುದು. ಕೊಂಡ ಬೆಲೆಗೂ ಮಾರಿದ ಬೆಲೆಗೂ ನಡುವಿನ ಅಂತರ ಕೈಯಲ್ಲಿ ಉಳಿಯುತ್ತದೆ, ವಿಮಾನ ಹಳತಾಗುವ ಚಿಂತೆ ಇನ್ನೊಬ್ಬರದು. ಪೇಟೆ ಬಿದ್ದರೆ ಅವಧಿ ಮುಗಿದ ಹಳೆಯ ವಿಮಾನಗಳನ್ನು ಹಿಂತಿರುಗಿಸಿದರಾಯಿತು. ಬರುವ ವಿಮಾನವನ್ನು ತಡೆಯುವ ಅಗತ್ಯವೇ ಇಲ್ಲ. ಒಂದು ರೀತಿಯಲ್ಲಿ ಇಂಡಿಗೋ ಮುಂದೂಡುವ ಹಕ್ಕನ್ನು ಮೊದಲೇ ಕೊಂಡಿತ್ತು, ಅದನ್ನು ಹೊರಹೋಗುವ ಬಾಗಿಲಲ್ಲಿ ಇಟ್ಟುಕೊಂಡಿತ್ತು. ಕಿಂಗ್‌ಫಿಶರ್ ಒಳಬರುವ ಬಾಗಿಲಿಗೆ ಅಡ್ಡ ನಿಲ್ಲಬೇಕಾಯಿತು.

ಇನ್ನೊಂದು ಆಕ್ಷೇಪ ಕಾರ್ಮಿಕರ ಕಡೆಯಿಂದ ಬರುತ್ತದೆ, ಅದಕ್ಕೆ ಪೂರ್ತಿ ಉತ್ತರ ನನ್ನ ಬಳಿ ಇಲ್ಲ. ವಿಮಾನ ಬರುವುದಿಲ್ಲ ಎಂದರೆ ಅದಕ್ಕೆಂದು ನೇಮಿಸಿಕೊಂಡವರಿಗೆ ಕೆಲಸವಿಲ್ಲ ಎಂದರ್ಥ. 2008ರ ಅಕ್ಟೋಬರ್ 15ರಂದು ಜೆಟ್ ಏರ್‌ವೇಸ್ ಒಂದೇ ಏಟಿಗೆ ಸುಮಾರು 800 ಮಂದಿ ಕ್ಯಾಬಿನ್ ಸಿಬ್ಬಂದಿಯನ್ನು ಮನೆಗೆ ಕಳುಹಿಸಿತು. ಇನ್ನೂ 1,100 ಮಂದಿಯ ಸರದಿ ಕಾದಿತ್ತು. ಬೆಳವಣಿಗೆಯ ಲೆಕ್ಕ ನಂಬಿ ತೆಗೆದುಕೊಂಡಿದ್ದ, ಹೆಚ್ಚಿನವರು ಇನ್ನೂ ಪ್ರೊಬೇಷನ್ ಮುಗಿಸದ ಹುಡುಗ ಹುಡುಗಿಯರು. ಸಮವಸ್ತ್ರದಲ್ಲೇ ಬೀದಿಗಿಳಿದ ಅವರ ಚಿತ್ರ ಟಿವಿಯಲ್ಲಿ ದಿನವಿಡೀ ಓಡಿತು. ಮರುರಾತ್ರಿಯೇ ಅಧ್ಯಕ್ಷ ನರೇಶ್ ಗೋಯಲ್ ಎಲ್ಲರನ್ನೂ ವಾಪಸ್ ಕರೆದರು. ಮನಸ್ಸು ಕರಗಿದ್ದು ಸರಿ, ಆದರೆ ಕೂರಿಸಲು ವಿಮಾನ ಎಲ್ಲಿತ್ತು? ಅಂಧೇರಿಯಲ್ಲಿ ಮನೆ ಮಾಡಲು ಕೈಲಾಗದೆ ಥಾಣೆ, ಐರೋಲಿ, ಕಲ್ಯಾಣದಿಂದ ಸಹಾರ್ ವಿಮಾನ ನಿಲ್ದಾಣಕ್ಕೆ ಓಡಾಡುವ ಗ್ರೌಂಡ್ ಸ್ಟಾಫ್, ಲೋಡರ್, ಅಡುಗೆಮನೆಯ ಕೆಲಸಗಾರರಿಗೆ ಆ ವಾಪಸಾತಿಯ ಭಾಗ್ಯವೂ ಇರುವುದಿಲ್ಲ. ಅವರು ಗುತ್ತಿಗೆಯವರು, ಅವರನ್ನು ತೆಗೆದರೆ ಸುದ್ದಿಯಾಗುವುದಿಲ್ಲ. ಇತ್ತ ಬೆಂಗಳೂರಿನಲ್ಲಿ ಎಚ್‌ಎಎಲ್ ವರ್ಷಗಟ್ಟಲೆ ಎ320 ವಿಮಾನಗಳ ಮುಂಬಾಗಿಲುಗಳನ್ನು ತಯಾರಿಸಿ ಏರ್‌ಬಸ್‌ಗೆ ಕಳುಹಿಸುತ್ತಿತ್ತು. ಲೋಕದ ಯಾವುದೋ ಮೂಲೆಯ ಕಂಪನಿ ಎ320 ಬೇಡ ಎಂದರೆ ಆ ಬಾಗಿಲ ಲೆಕ್ಕವೂ ಏರುಪೇರು. ಆದರೂ, ಕಂಪನಿಯೇ ಮುಳುಗಿದರೆ ನೌಕರರ ಗತಿ ಇದಕ್ಕಿಂತ ಕೆಟ್ಟದ್ದು ಎಂಬುದನ್ನು 2019ರಲ್ಲಿ ಜೆಟ್‌ನ ಸುಮಾರು 20 ಸಾವಿರ ಮಂದಿ ಕಂಡುಂಡರು.

ಮುಂದೂಡಿಕೆಯ ನಿಜವಾದ ಬೆಲೆ ಹಿಂಜರಿತ ಮುಗಿದ ಮೇಲೆ ಕಾಣುತ್ತದೆ. 2009ರಲ್ಲಿ ಏರ್‌ಬಸ್ ಎ320 ಉತ್ಪಾದನೆಯನ್ನು ತಿಂಗಳಿಗೆ 36ರಿಂದ 34ಕ್ಕಷ್ಟೇ ಇಳಿಸಿತ್ತು. ಒಬ್ಬರು ಬೇಡವೆಂದ ಸರದಿ ಇನ್ನೊಬ್ಬರಿಗೆ ಹೋಯಿತು, ಕಾರ್ಖಾನೆ ನಡೆಯಿತು. 2020ರ ಕೋವಿಡ್ ಹಾಗಲ್ಲ. ಎಲ್ಲರೂ ಒಟ್ಟಿಗೇ ಬೇಡವೆಂದರು. ಮಾರ್ಚ್ 25ರಿಂದ ಎರಡು ತಿಂಗಳು ನಮ್ಮಲ್ಲಿ ಒಂದು ದೇಶೀಯ ಪ್ರಯಾಣಿಕ ವಿಮಾನವೂ ಹಾರಲಿಲ್ಲ. ಏರ್‌ಬಸ್ ತಿಂಗಳಿಗೆ 60 ಇದ್ದದ್ದನ್ನು 40ಕ್ಕೆ ಇಳಿಸಿತು. ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಗಳು ಕುಶಲ ಕೆಲಸಗಾರರನ್ನು ಕಳೆದುಕೊಂಡವು. ಜನ ಮತ್ತೆ ಹಾರಲು ಹೊರಟಾಗ ವಿಮಾನವಿರಲಿಲ್ಲ. ಇದಕ್ಕೆ ಪ್ರ್ಯಾಟ್ ಅಂಡ್ ವಿಟ್ನಿ ಎಂಜಿನ್‌ಗಳ ದೋಷ, ಬೋಯಿಂಗ್‌ನ ಒಳಗಿನ ತೊಂದರೆಗಳು ಸೇರಿಕೊಂಡವು ಎನ್ನುವುದು ನಿಜ. ಆ ಎಂಜಿನ್‌ಗಳನ್ನೇ ದೂರಿ ಗೋ ಫಸ್ಟ್ ಕಂಪನಿ 2023ರ ಮೇ ತಿಂಗಳಲ್ಲಿ ದಿವಾಳಿ ಅರ್ಜಿ ಹಾಕಿತು. ಆದರೆ ಬೇರು ಇರುವುದು ಉತ್ಪಾದನೆ ತಗ್ಗಿಸಿದ ಆ ದಿನಗಳಲ್ಲೇ. ಮಂಗಳೂರು, ಹುಬ್ಬಳ್ಳಿ, ಬೆಳಗಾವಿಯಂಥ ಊರುಗಳಿಗೆ ಇದರ ಬಿಸಿ ಬೇಗ ತಟ್ಟುತ್ತದೆ. ವಿಮಾನ ಕಡಿಮೆಯಿದ್ದಾಗ ಕಂಪನಿಗಳು ಇರುವುದನ್ನು ದಿಲ್ಲಿ, ಬೆಂಗಳೂರು ಮಾರ್ಗಕ್ಕೆ ಹಾಕುತ್ತವೆ. ಮೇ ತಿಂಗಳಲ್ಲೋ ಗಣೇಶ ಚೌತಿಗೋ ಊರಿಗೆ ಹೊರಡುವ ಡೊಂಬಿವಲಿಯ ಸಂಸಾರ ಟಿಕೆಟ್ ದರ ನೋಡಿ ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನ ವೇಟಿಂಗ್ ಲಿಸ್ಟಿನತ್ತ ತಿರುಗುತ್ತದೆ.

ಈಗ ಮತ್ತೆ ಉಬ್ಬರ. 2023ರ ಫೆಬ್ರವರಿಯಲ್ಲಿ ಟಾಟಾ ಕೈಸೇರಿದ ಏರ್ ಇಂಡಿಯಾ 470, ಜೂನ್‌ನಲ್ಲಿ ಇಂಡಿಗೋ 500 ವಿಮಾನಗಳಿಗೆ ಆರ್ಡರ್ ಕೊಟ್ಟವು. 2005ರಂತೆಯೇ ಎಲ್ಲರೂ ಚಪ್ಪಾಳೆ ತಟ್ಟಿದರು. ಲೆಕ್ಕ ತಪ್ಪುವ ಗುರುತುಗಳು ಆಗಲೇ ಎರಡೂ ದಿಕ್ಕಿನಿಂದ ಕಾಣಿಸಿಕೊಂಡಿವೆ: ಬೋಯಿಂಗ್ ತಡಮಾಡಿದ್ದರಿಂದ ಆಕಾಸಾ ಏರ್‌ನಲ್ಲಿ ನೇಮಕವಾದ ಪೈಲಟ್‌ಗಳು ಹಾರಲು ವಿಮಾನವಿಲ್ಲದೆ ಕೂತರು, 2025ರ ಡಿಸೆಂಬರ್ ಮೊದಲ ವಾರದಲ್ಲಿ ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮದಿಂದಾಗಿ ಇಂಡಿಗೋದಲ್ಲಿ ವಿಮಾನಗಳಿದ್ದೂ ಹಾರಿಸುವವರು ಸಾಲದೆ ಸಾವಿರಾರು ಹಾರಾಟಗಳು ರದ್ದಾದವು. ಅದೇ ತಿಂಗಳ 25ರಂದು ಬೆಂಗಳೂರಿನಿಂದ ಬಂದ ಇಂಡಿಗೋ ವಿಮಾನ ಇಳಿಯುವುದರೊಂದಿಗೆ ನವಿ ಮುಂಬಯಿ ನಿಲ್ದಾಣದ ವ್ಯವಹಾರ ಆರಂಭವಾಯಿತು. ಕೇಂದ್ರ ಸಂಪುಟ ಇದಕ್ಕೆ ತಾತ್ವಿಕ ಒಪ್ಪಿಗೆ ಕೊಟ್ಟದ್ದು 2007ರಲ್ಲಿ, ಅಂದರೆ ಹಿಂದಿನ ಉಬ್ಬರದಲ್ಲಿ. ಪರಿಸರ ಒಪ್ಪಿಗೆ 2010ರಲ್ಲಿ, ಶಂಕುಸ್ಥಾಪನೆ 2018ರಲ್ಲಿ. ಉಲ್ವೆಯ ಗುಡ್ಡ ಕಡಿದು, ನದಿಯ ಹರಿವು ತಿರುಗಿಸಿ, 1,160 ಹೆಕ್ಟೇರಿನಲ್ಲಿ ಕಟ್ಟಿದ ಇದರ ಮೊದಲ ಹಂತ ವರ್ಷಕ್ಕೆ 2 ಕೋಟಿ ಪ್ರಯಾಣಿಕರಿಗೆ. ಎಲ್ಲ ಹಂತ ಮುಗಿದರೆ 9 ಕೋಟಿ.

ವಿಮಾನವನ್ನು ಮುಂದೂಡಬಹುದು, ಬಾಡಿಗೆಗೆ ಕೊಡಬಹುದು, ನೈಜೀರಿಯಾಕ್ಕೂ ಮಾರಬಹುದು. ಕಟ್ಟಿ ಮುಗಿಸಿದ ರನ್‌ವೇಯನ್ನು ಎಲ್ಲಿಗೂ ಕಳುಹಿಸಲಾಗದು. ಹಾಗಾದರೆ ಮುಂದಿನ ಹಿಂಜರಿತದಲ್ಲಿ ಕಂಪನಿಗಳು ವಿಮಾನ ಬೇಡವೆಂದಾಗ ಈ ನಿಲ್ದಾಣದ ಖರ್ಚನ್ನು ಹೊರುವವರು ಯಾರು? ಉತ್ತರ ಶುಲ್ಕ ನಿಗದಿಯ ನಿಯಮದಲ್ಲಿದೆ. ದೊಡ್ಡ ನಿಲ್ದಾಣಗಳ ಶುಲ್ಕವನ್ನು ವಿಮಾನ ನಿಲ್ದಾಣಗಳ ಆರ್ಥಿಕ ನಿಯಂತ್ರಣ ಪ್ರಾಧಿಕಾರ ಗೊತ್ತುಮಾಡುತ್ತದೆ. ನಿರ್ಮಾಣದ ವೆಚ್ಚ, ಅದರ ಮೇಲೆ ನ್ಯಾಯವಾದ ಪ್ರತಿಫಲ ಇಷ್ಟು ಎಂದು ಲೆಕ್ಕ ಹಾಕಿ, ನಿರೀಕ್ಷಿತ ಪ್ರಯಾಣಿಕರ ಮೇಲೆ ಹಂಚುವುದು ಅದರ ಕ್ರಮ. ನವಿ ಮುಂಬಯಿಯಿಂದ ಹೊರಡುವ ದೇಶೀಯ ಪ್ರಯಾಣಿಕರಿಗೆ ಆರಂಭದಲ್ಲಿ ಗೊತ್ತುಮಾಡಿದ ಶುಲ್ಕ 620 ರೂಪಾಯಿ. ನಿರೀಕ್ಷಿಸಿದಷ್ಟು ಜನ ಬಾರದಿದ್ದರೆ ಕೊರತೆಯನ್ನು ಮುಂದಿನ ಅವಧಿಯ ಲೆಕ್ಕಕ್ಕೆ ಸೇರಿಸಿ ಸರಿದೂಗಿಸಲು ನಿಯಮದಲ್ಲಿ ಅವಕಾಶವಿದೆ. ಅಂದರೆ ಯಾವುದೋ ಕಂಪನಿ ಮುಂದೂಡಿದ ವಿಮಾನದ ಒಂದು ಪಾಲು ಶೀಳ್‌ಫಾಟಾದ ಟ್ರಾಫಿಕ್ ದಾಟಿ ಮಂಗಳೂರು ವಿಮಾನ ಹಿಡಿಯಲು ಬಂದವರ ಟಿಕೆಟ್ಟಿನಲ್ಲಿ ಕುಳಿತಿರುತ್ತದೆ. ಶುಲ್ಕ ಗೊತ್ತುಮಾಡುವ ಮುನ್ನ ಪ್ರಾಧಿಕಾರ ಕರಡನ್ನು ಪ್ರಕಟಿಸಿ ಆಕ್ಷೇಪ ಕೇಳುತ್ತದೆ. ವಿಮಾನಯಾನ ಕಂಪನಿಗಳು, ಅವುಗಳ ಸಂಘಗಳು ಪುಟಗಟ್ಟಲೆ ಉತ್ತರ ಬರೆಯುತ್ತವೆ. ಪ್ರಯಾಣಿಕರ ಸಂಖ್ಯೆಯ ಅಂದಾಜನ್ನು ಯಾವ ಕಂಪನಿಯ ಯಾವ ಆರ್ಡರ್ ನಂಬಿ ಮಾಡಿದಿರಿ, ಆ ವಿಮಾನಗಳು ಬಾರದಿದ್ದರೆ ನಷ್ಟದಲ್ಲಿ ನಿಲ್ದಾಣದ ಒಡೆಯರ ಪಾಲೆಷ್ಟು ಎಂದು ಕೇಳಲು ಅಲ್ಲಿ ಪ್ರಯಾಣಿಕರಿಗೂ ಜಾಗವಿದೆ.